ರಿಪೇರಿ ಹಡಗಿನ ಜಾತಕ ಓದುವುದು ಹೇಗೆ?

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಚೆಂದದ ಹೆಸರಿದೆ. ಕಲ್ಲಿನಿಂದ ತೆಗೆದ ನಾರು. ನಮಗೆ ಅದು ಸೂರಿನ ಮೇಲಿನ ಶೀಟಾಗಿ ಪರಿಚಯ. ಅಮೆರಿಕದ ನೌಕಾಪಡೆಯಲ್ಲಿ ದುಡಿದವರಿಗೆ ಬಾಯ್ಲರಿಗೆ, ಹಬೆ ಪೈಪಿಗೆ ಹೊದಿಸಿದ ಹೊದಿಕೆಯಾಗಿ ಪರಿಚಯ. ಅದರ ದೂಳು ಎದೆಗೆ ಇಳಿದರೆ ಕಾಯಿಲೆ ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ಅಷ್ಟು ಹೊತ್ತಿಗೆ ಹಡಗು ಗುಜರಿ ಸೇರಿರುತ್ತದೆ. ಯಾರ ಎದೆಗೆ ಎಷ್ಟು ದೂಳು ಹೋಗಿರಬಹುದು ಅಂತ ಊಹಿಸಲು ಕೈಗೆ ಸಿಗುವುದು ಅದರ ಸೇವಾ ದಾಖಲೆ. ಅದನ್ನು ಓದುವುದು ಹೇಗೆ? ಸುಮ್ನೆ ನಿಯಮ ಹೇಳುವ ಬದಲು ಒಂದು ನಿಜವಾದ ಹಡಗನ್ನೇ ಇಟ್ಟುಕೊಂಡು ನೋಡೋಣ. ಹೆಸರು ಯುಎಸ್‌ಎಸ್ ವಲ್ಕನ್. ರೋಮನ್ನರ ಕುಲುಮೆಯ ದೇವರ ಹೆಸರು. ರಿಪೇರಿ ಹಡಗಿಗೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು.

ಹೆಜ್ಜೆ 1: ಹುಟ್ಟು ಮತ್ತು ನಿವೃತ್ತಿಯ ತಾರೀಖು ಬರೆದುಕೊಳ್ಳಿ

ವಲ್ಕನ್ ಕಟ್ಟಿದ್ದು ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ. ನೀರಿಗಿಳಿದದ್ದು 1940ರ ಡಿಸೆಂಬರ್‌ನಲ್ಲಿ, ಸೇವೆಗೆ ಸೇರಿದ್ದು 1941ರ ಜೂನ್‌ನಲ್ಲಿ, ನಿವೃತ್ತಿ 1991ರಲ್ಲಿ. ಹುಟ್ಟಿದ ವರ್ಷ ಒಂದೇ ಅರ್ಧ ಕಥೆ ಹೇಳಿಬಿಡುತ್ತದೆ. ಆ ಕಾಲದ ಯುದ್ಧನೌಕೆಗಳಲ್ಲಿ ಬಾಯ್ಲರ್ ಹೊದಿಕೆ, ಪೈಪಿನ ಸಂದು ಮುಚ್ಚುವ ಗ್ಯಾಸ್ಕೆಟ್, ವಾಲ್ವಿನ ಪ್ಯಾಕಿಂಗ್, ಎಲ್ಲೆಲ್ಲೂ ಕಲ್ನಾರೇ. ಬೆಂಕಿ ತಡೆಯುತ್ತದೆ, ಅಗ್ಗ. ಇನ್ನೇನು ಬೇಕು?

50 ವರ್ಷ ದುಡಿದ ಹಡಗು ಅಂದರೆ ಎರಡು ತಲೆಮಾರು. ಅಪ್ಪಂದಿರು, ಅಜ್ಜಂದಿರು ಮಾತ್ರ ಅಂದುಕೊಳ್ಳಬೇಡಿ. ಆಸ್ಪತ್ರೆ ಹಡಗು ಬಿಟ್ಟು ಬೇರೆ ಹಡಗುಗಳಿಗೂ ಮಹಿಳೆಯರನ್ನು ನೇಮಿಸಲು ಅಮೆರಿಕದ ನೌಕಾಪಡೆ ಶುರು ಮಾಡಿದ 1978ರಲ್ಲಿ ಅವರನ್ನು ಹತ್ತಿಸಿಕೊಂಡ ಮೊದಲ ಹಡಗುಗಳಲ್ಲಿ ವಲ್ಕನ್ ಕೂಡ ಒಂದು.

ಹೆಜ್ಜೆ 2: ಪಕ್ಕದಲ್ಲಿ ಯಾರು ನಿಂತಿದ್ದರು ನೋಡಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ಇತಿಹಾಸ ಓದುವಾಗ ನಮ್ಮ ಕಣ್ಣು ಯುದ್ಧ, ಪದಕ, ಬಂದರುಗಳ ಹೆಸರಿನ ಕಡೆಗೇ ಓಡುತ್ತದೆ. ಆದರೆ ರಿಪೇರಿ ಹಡಗು ಅಂದರೆ ತೇಲುವ ಗ್ಯಾರೇಜು. ಎರಕದ ಮನೆ, ಲೇತ್ ಯಂತ್ರ, ಪೈಪ್ ಶಾಪ್, ಬಡಗಿ ಕೆಲಸ ಎಲ್ಲ ಒಳಗೇ. ಕೆಟ್ಟ ಹಡಗು ಬಂದು ಪಕ್ಕಕ್ಕೆ ಕಟ್ಟಿಕೊಳ್ಳುತ್ತದೆ, ಅದರ ಭಾಗಗಳು ಇಲ್ಲಿಗೆ ಬರುತ್ತವೆ, ಇಲ್ಲಿನವರು ಅಲ್ಲಿಗೆ ಹೋಗುತ್ತಾರೆ. ಗ್ಯಾರೇಜಿನ ಹುಡುಗನ ಕೈಗೆ ಹತ್ತುವ ಮಸಿ ಅವನ ಸ್ವಂತ ಗಾಡಿಯದಲ್ಲ, ಅಲ್ವಾ? ಹಾಗೆಯೇ ವಲ್ಕನ್ ಸಿಬ್ಬಂದಿ ಉಸಿರಾಡಿದ ದೂಳು ವಲ್ಕನ್‌ನದು ಮಾತ್ರ ಆಗಿರಲಿಲ್ಲ.

ಒಂದು ಉದಾಹರಣೆ. 1941ರ ಅಕ್ಟೋಬರ್ 17ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಅಮೆರಿಕದ ಕಿಯರ್ನಿ ಎಂಬ ಡಿಸ್ಟ್ರಾಯರಿಗೆ, ಅಂದರೆ ವೇಗದ ಯುದ್ಧನೌಕೆಗೆ, ಬಡಿಯಿತು. 11 ಜನ ಸತ್ತರು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ! ಏಟು ಬಿದ್ದದ್ದು ಬಲಬದಿಗೆ, ಮುಂದಿನ ಬಾಯ್ಲರ್ ಕೋಣೆ ಇದ್ದಲ್ಲಿ. ಕಿಯರ್ನಿ ಹೇಗೋ ಐಸ್‌ಲ್ಯಾಂಡ್ ತಲುಪಿತು. ಅಲ್ಲಿ ಕಾದಿದ್ದದ್ದು ವಲ್ಕನ್. ಹರಿದ ಬದಿಗೆ ತೇಪೆ ಹಾಕಿ, ಬೋಸ್ಟನ್‌ಗೆ ಹೋಗುವಷ್ಟು ಗಟ್ಟಿ ಮಾಡಿ ಕಳಿಸಿದ್ದು ಇದರ ಕೆಲಸಗಾರರು.

ಇತಿಹಾಸದಲ್ಲಿ ಇದು ಒಂದೆರಡು ಸಾಲು. ನೀವು ಆ ಸಾಲಿನ ಹತ್ತಿರ ನಿಲ್ಲಿ. ಬಾಯ್ಲರ್ ಕೋಣೆ ಅಂದರೆ ಹಡಗಿನಲ್ಲೇ ಅತಿ ಹೆಚ್ಚು ಹೊದಿಕೆ ಇರುವ ಜಾಗ. ಅದು ಸೀಳಿದೆ. ಒಳಗೆ ಹೋಗಿ ಕತ್ತರಿಸಿ ವೆಲ್ಡಿಂಗ್ ಮಾಡಿದವನ ಸುತ್ತ ಏನು ಹಾರಾಡುತ್ತಿದ್ದಿರಬಹುದು ಅಂತ ಯೋಚಿಸಿ. ಬರೆಯಬೇಕಾದ ಪಟ್ಟಿ ಇದು: ಯಾವ ಹಡಗು, ಯಾವ ತಿಂಗಳು, ಯಾವ ಭಾಗದ ರಿಪೇರಿ.

ಹೆಜ್ಜೆ 3: ಹಡಗಿನಲ್ಲಿದ್ದವರ ಕೈಕೆಲಸ ಏನು?

ಒಂದೇ ಹಡಗಿನಲ್ಲಿದ್ದರೂ ಎಲ್ಲರ ಪಾಲು ಒಂದೇ ಅಲ್ಲ. ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದವನಿಗಿಂತ ಪೈಪ್ ಫಿಟ್ಟರ್, ಬಾಯ್ಲರ್ ಕೆಲಸಗಾರ, ಮೆಷಿನಿಸ್ಟ್ ಇವರಿಗೆ ಅಪಾಯ ಜಾಸ್ತಿ. ಹಳೆ ಗ್ಯಾಸ್ಕೆಟ್ ಗೀರಿ ತೆಗೆಯುವುದು, ಒಣಗಿದ ಹೊದಿಕೆ ಒಡೆಯುವುದು, ಕಲ್ನಾರಿನ ಪುಡಿಗೆ ನೀರು ಸುರಿದು ಕಲೆಸುವುದು: ದೂಳು ಏಳುವುದು ಇಂಥಲ್ಲಿ. ಹೊದಿಕೆ ಹಾಗೇ ಗಟ್ಟಿಯಾಗಿ ಕೂತಿದ್ದರೆ ಅಷ್ಟು ಭಯವಿಲ್ಲ. ಆದರೆ ರಿಪೇರಿ ಅಂದರೇ ಅದನ್ನು ಕೆದಕುವ ಕೆಲಸ. ಹಡಗಿನ ಕೋಣೆಗಳೋ ಇಕ್ಕಟ್ಟು. ಸಣ್ಣ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಹಾಗಾಗಿ ಪಕ್ಕದಲ್ಲಿ ಬಲ್ಬ್ ಹಾಕುತ್ತಿದ್ದವನನ್ನೂ ಲೆಕ್ಕದಿಂದ ಬಿಡಬೇಡಿ.

ಹೆಜ್ಜೆ 4: ಕಾಗದ ತರಿಸಿಕೊಳ್ಳಿ

ಹಡಗಿನ ಸಂಕ್ಷಿಪ್ತ ಚರಿತ್ರೆಯನ್ನು ಅಮೆರಿಕ ನೌಕಾಪಡೆಯ ಇತಿಹಾಸ ವಿಭಾಗ ಪ್ರಕಟಿಸಿದೆ. ಹಡಗಿನ ದಿನಚರಿ, ಅಂದರೆ ಡೆಕ್ ಲಾಗ್, ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ವ್ಯಕ್ತಿಯ ಸೇವಾ ಕಡತ ಬೇಕಾದರೆ ಸೇಂಟ್ ಲೂಯಿಸ್‌ನ ಸೇನಾ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬರೆಯಬೇಕು. 1973ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು ಕೋಟಿಗೂ ಹೆಚ್ಚು ಕಡತ ಸುಟ್ಟಿದ್ದು ನಿಜ, ಆದರೆ ಅವು ಭೂಸೇನೆ ಮತ್ತು ವಾಯುಪಡೆಯವು. ನೌಕಾಪಡೆಯವರು ಆ ಸುದ್ದಿ ಕೇಳಿ ಕೈಚೆಲ್ಲಬೇಕಿಲ್ಲ.

ಕಾಗದದ ಬೆಲೆ ನಮ್ಮ ಸುಪ್ರೀಂ ಕೋರ್ಟಿಗೂ ಗೊತ್ತಿತ್ತು. ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಅಂತ 1995ರಲ್ಲೇ ಹೇಳಿದೆ. ಕಾಯಿಲೆ ತಡವಾಗಿ ಬರುತ್ತದೆ, ಕಡತ ಅದಕ್ಕಿಂತ ಮೊದಲೇ ಕಸಕ್ಕೆ ಹೋಗಬಾರದು ಅನ್ನುವ ಲೆಕ್ಕ.

ಹೆಜ್ಜೆ 5: ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ

ಏದುಸಿರು, ಬಿಡದ ಒಣಕೆಮ್ಮು, ಎದೆನೋವು. ಇವನ್ನು ವಯಸ್ಸಾಯಿತು ಅಂತ ತಳ್ಳಿಹಾಕುವುದು ಸುಲಭ. ಡಾಕ್ಟರು ಹಳೆ ಕೆಲಸದ ಬಗ್ಗೆ ಕೇಳದಿದ್ದರೆ ನೀವೇ ಹೇಳಿ: ಹಡಗಿನ ಹೆಸರು, ವರ್ಷ, ಕೆಲಸ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಅದರ ಹೊರಪೊರೆಗೆ ಬರುವ ಮೀಸೊಥೆಲಿಯೊಮಾ ಎಂಬ ಕ್ಯಾನ್ಸರ್ ಇವನ್ನು ಗುರುತಿಸಲು ಆ ಸುಳಿವು ಬೇಕು. ಸಿಗರೇಟಿನ ವಿಷಯವನ್ನೂ ಮುಚ್ಚಿಡಬೇಡಿ. ಅಮೆರಿಕದ ವೈದ್ಯ ಇರ್ವಿಂಗ್ ಸೆಲಿಕಾಫ್ 1960ರ ದಶಕದಲ್ಲಿ ಹೊದಿಕೆ ಕಾರ್ಮಿಕರನ್ನು ಪರೀಕ್ಷಿಸಿ ತೋರಿಸಿದ್ದು ಇದನ್ನೇ: ಕಲ್ನಾರು ಮತ್ತು ಸಿಗರೇಟು ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಈಗಲೂ ಸೇದುತ್ತಿದ್ದರೆ ಬಿಡಲು ಏನು ಮಾಡಬೇಕು ಅಂತ ಅದೇ ಭೇಟಿಯಲ್ಲಿ ಕೇಳಿ.