ನವೆಂಬರ್ ಕೊನೆಯ ವಾರ, ಮಂಗಳೂರು: ನಮ್ಮವರಿಗಾಗಿ ಒಂದು ಹೊಸ ಅಕ್ಕಿ ಊಟ

ದೀಪಾವಳಿ ಮುಗಿದು ಬಲೀಂದ್ರನಿಗೆ ಇಟ್ಟ ದೀಪ ಆರಿದ ಮೇಲೆ, ಮಂಗಳೂರಿನ ಮನೆಗಳ ಮುಂದೆ ಕ್ರಿಸ್ಮಸ್ ನಕ್ಷತ್ರಗಳು ಏರುವ ಮೊದಲು, ಕೆಲವು ವಾರಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ, ಅಂದರೆ ನವೆಂಬರ್ ಕೊನೆಯ ವಾರದಲ್ಲಿ, ನಮ್ಮೂರಿನ ಗೇ, ಲೆಸ್ಬಿಯನ್ ಮತ್ತು ಟ್ರಾನ್ಸ್ ಗೆಳೆಯರು ಒಂದು ದಿನ ಒಟ್ಟಿಗೆ ಕುಳಿತು ಉಣ್ಣಲು ಏನೇನು ಸಿದ್ಧತೆ ಬೇಕು, ಆ ವಾರ ಎಲ್ಲೆಲ್ಲಿ ಸುತ್ತಾಡಬಹುದು, ಯಾವ ವಿಷಯದಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆರು ವರ್ಷಗಳಿಂದ ಈ ಊಟ ನನ್ನ ಬಾಡಿಗೆ ಮನೆಯಲ್ಲಿ ನಡೆಯುತ್ತಿದೆ. ಹಬ್ಬಕ್ಕೆ ಮನೆಗೆ ಹೋಗಲಾಗದವರು, ಹೋದರೂ ಜಗಲಿಯಲ್ಲಿ ಕುಳಿತು ‘ಮದುವೆ ಯಾವಾಗ’ ಎಂಬ ಪ್ರಶ್ನೆಗೆ ಪ್ರತಿವರ್ಷ ಹೊಸ ಸುಳ್ಳು ಹುಡುಕಬೇಕಾದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೂ ಹಬ್ಬವೆಂದು ಕರೆಯಬಹುದಾದ ಒಂದು ದಿನ ಇರಬೇಕು ಎಂಬುದೇ ಇದನ್ನು ಆರಂಭಿಸಲು ಕಾರಣ.

ಇದರ ಮೊದಲ ರೂಪವನ್ನು ನಾನು ನೋಡಿದ್ದು ಅಮೆರಿಕದಲ್ಲಿ. ಅಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ಸುಗ್ಗಿಗೆ ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ. 1863ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ಇಡೀ ದೇಶದ ಹಬ್ಬವೆಂದು ಘೋಷಿಸಿದರು, 1941ರ ಕಾಯಿದೆ ಅದಕ್ಕೆ ನಾಲ್ಕನೆಯ ಗುರುವಾರವನ್ನು ಖಾಯಂ ಮಾಡಿತು. ಊರಿಗೂರೇ ತವರಿಗೆ ಹೊರಡುವ ಆ ವಾರದಲ್ಲಿ ತವರು ಬಾಗಿಲು ತೆರೆಯದವರು ನಗರದಲ್ಲೇ ಉಳಿಯುತ್ತಾರೆ. ಹಿಂದಿನ ದಿನ ಬುಧವಾರ ರಾತ್ರಿ ಗೇ ಬಾರ್‌ಗಳು ತುಂಬಿರುತ್ತವೆ, ಗುರುವಾರ ಗೆಳೆಯರ ಮನೆಗಳಲ್ಲಿ ಊಟ ನಡೆಯುತ್ತದೆ. ಕೆಲಸದ ನಿಮಿತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡು ವರ್ಷ ಇದ್ದಾಗ ಅಂಥ ಒಂದು ಊಟಕ್ಕೆ ನನ್ನನ್ನೂ ಕರೆದಿದ್ದರು. ಆ ಮನೆಯ ಹಿರಿಯರು ಮೇಜಿನ ತುದಿಯಲ್ಲಿ ಒಂದು ಖಾಲಿ ತಟ್ಟೆ ಇಟ್ಟಿದ್ದರು. ಏಡ್ಸ್‌ನಿಂದ ತೀರಿಕೊಂಡ ಅವರ ಗೆಳೆಯರಿಗಾಗಿ ಇಟ್ಟದ್ದು ಎಂದು ಆಮೇಲೆ ತಿಳಿಯಿತು. ಅದೇ ನಗರದಲ್ಲಿ 1978ರ ನವೆಂಬರ್ 27ರಂದು, ಥ್ಯಾಂಕ್ಸ್‌ಗಿವಿಂಗ್ ಕಳೆದು ನಾಲ್ಕನೆಯ ದಿನ, ತಾನು ಗೇ ಎಂದು ಬಹಿರಂಗವಾಗಿ ಹೇಳಿ ನಗರದ ಆಡಳಿತ ಮಂಡಳಿಗೆ ಆಯ್ಕೆಯಾಗಿದ್ದ ಹಾರ್ವೆ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನಿ ಅವರ ಹತ್ಯೆಯಾಯಿತು, ಆ ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಡೆದರು.

ಹಾಗೆಂದು ಥ್ಯಾಂಕ್ಸ್‌ಗಿವಿಂಗ್ ಅನ್ನು ಇದ್ದಂತೆಯೇ ಇಲ್ಲಿಗೆ ತರಬೇಕೆಂದು ನನಗೆ ಅನ್ನಿಸಲಿಲ್ಲ. ಅದು ನಮ್ಮ ಚರಿತ್ರೆಯಲ್ಲ, ಅಲ್ಲಿನ ಮೂಲನಿವಾಸಿಗಳಲ್ಲಿ ಅನೇಕರು 1970ರಿಂದ ಆ ದಿನವನ್ನು ಶೋಕದಿನವಾಗಿ ಆಚರಿಸುತ್ತಿದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಹೊಸ ಅಕ್ಕಿ ಊಟ ಇದೆ. ಮಳೆಗಾಲದ ಭತ್ತವಾದ ಏಣೆಲು ಬೆಳೆ ಕೊಯ್ದು, ತೆನೆ ಕಟ್ಟಿ, ಹೊಸ ಅಕ್ಕಿಯ ಅನ್ನವನ್ನು ಮನೆಮಂದಿಯೆಲ್ಲ ಕೂಡಿ ಉಣ್ಣುವುದು ತುಳುವರ ಮನೆಗಳಲ್ಲಿ ಪುದ್ದರ್ ಎನಿಸಿಕೊಳ್ಳುತ್ತದೆ. ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೋಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಂಚಿಕೊಂಡು, ಸಸ್ಯಾಹಾರದ ಊಟ ಮಾಡುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಆ ಕಾಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಇದೆ. ಆ ರೂಢಿಯ ಬಗ್ಗೆ ಕೊನೆಯಲ್ಲಿ ಇನ್ನಷ್ಟು ಹೇಳುತ್ತೇನೆ.

ಮೊದಲ ಕೆಲಸ ದಿನ ಗೊತ್ತು ಮಾಡುವುದು. ಗುರುವಾರ ನಮಗೆ ರಜೆ ಇಲ್ಲದ ಕಾರಣ ಅದರ ನಂತರದ ಶನಿವಾರ ಮಧ್ಯಾಹ್ನವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ರಾತ್ರಿಯ ಊಟಕ್ಕಿಂತ ಮಧ್ಯಾಹ್ನದ್ದು ಎಲ್ಲ ರೀತಿಯಿಂದಲೂ ಅನುಕೂಲ: ಹೆಂಗಸರೂ ಟ್ರಾನ್ಸ್ ಗೆಳತಿಯರೂ ಬೆಳಕಿರುವಾಗಲೇ ಮನೆ ಸೇರಬಹುದು, ಉಡುಪಿ ಮಣಿಪಾಲದಿಂದ ಬರುವವರಿಗೆ ಹಿಂತಿರುಗಲು ಎಕ್ಸ್‌ಪ್ರೆಸ್ ಬಸ್ಸು ಸಿಗುತ್ತದೆ, ಮನೆಯಲ್ಲಿ ‘ಗೆಳೆಯನ ಮನೆಯಲ್ಲಿ ಊಟ’ ಎಂದು ಹೇಳಿ ಹೊರಡುವುದೂ ಸುಲಭ. ಕಾರ್ತಿಕ ಅಮಾವಾಸ್ಯೆಗೆ ಮುಗಿಯುವ ಧರ್ಮಸ್ಥಳದ ಲಕ್ಷದೀಪೋತ್ಸವ ಕೆಲವು ವರ್ಷ ಇದೇ ವಾರಕ್ಕೆ ಬರುತ್ತದೆ. ಆಗ ಬಸ್ಸುಗಳಲ್ಲಿ ನೂಕುನುಗ್ಗಲು ಇರುವುದರಿಂದ ಪಂಚಾಂಗ ನೋಡಿಯೇ ದಿನ ತಿಳಿಸಿ.

ಕರೆಯುವಾಗ ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಬೇಡ, ಪ್ರತಿಯೊಬ್ಬರನ್ನೂ ಫೋನ್ ಮಾಡಿಯೇ ಕರೆಯಿರಿ. ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ತಾನಾಗಿ ಕಾಣುತ್ತದೆ, ಅದಕ್ಕೆ ಎಲ್ಲರ ಒಪ್ಪಿಗೆ ಇರುವುದಿಲ್ಲ. ಬರುವವರಲ್ಲಿ ಯಾರು ಯಾರನ್ನು ಭೇಟಿಯಾಗಬಹುದು ಎಂದು ಮೊದಲೇ ಹೇಳಿ, ಏಕೆಂದರೆ ಮಂಗಳೂರು ಚಿಕ್ಕ ಊರು. ಒಂದೇ ಆಫೀಸಿನ ಇಬ್ಬರು, ಒಂದೇ ಚರ್ಚಿನ ಇಬ್ಬರು ಸಿದ್ಧತೆಯಿಲ್ಲದೆ ಎದುರಾದರೆ ಒಬ್ಬರಿಗೆ ಊಟ ಸೇರುವುದಿಲ್ಲ. ಯಾರನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಿ. ಹಿರಿಯ ಮಂಗಳಮುಖಿ ಗೆಳತಿಯರನ್ನು ನಾವು ‘ಅಕ್ಕ’ ಎಂದೇ ಕರೆಯುತ್ತೇವೆ, ಮೊದಲ ಎಲೆ ಅವರಿಗೆ. ಮನೆಯ ಮಾಲೀಕರಿಗೂ ಪಕ್ಕದ ಫ್ಲ್ಯಾಟಿನವರಿಗೂ ‘ಶನಿವಾರ ನಮ್ಮಲ್ಲಿ ಹೊಸ ಅಕ್ಕಿ ಊಟ, ಹತ್ತು ಜನ ಬರುತ್ತಾರೆ’ ಎಂದು ಎರಡು ದಿನ ಮೊದಲೇ ತಿಳಿಸಿಬಿಡಿ. ಅದು ಪೂರ್ತಿ ನಿಜವಾದ ಮಾತು, ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಯಾರಿಗೂ ಕೊಡಬೇಕಾಗಿಲ್ಲ. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಎರಡನೆಯ ವರ್ಷದಿಂದ ತಮ್ಮ ಹಿತ್ತಲಿನ ಬಸಳೆ ಕಟ್ಟು ಕಳುಹಿಸುತ್ತಿದ್ದಾರೆ.

ಫೋಟೊ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಮೊದಲ ವರ್ಷ ನಾವು ಈ ಬಗ್ಗೆ ಯೋಚಿಸಿರಲಿಲ್ಲ; ಅತಿಥಿಯೊಬ್ಬರು ಸಂತೋಷದಿಂದಲೇ ಗುಂಪಿನ ಚಿತ್ರವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದರು, ಅದನ್ನು ನೋಡಿದ ಸಂಬಂಧಿಕರು ಇನ್ನೊಬ್ಬ ಗೆಳೆಯನ ಮನೆಯಲ್ಲಿ ಹೇಳಿದರು, ಅವನು ಮೂರು ತಿಂಗಳು ನನ್ನ ಮನೆಯ ಹಾಲ್‌ನಲ್ಲಿ ಮಲಗಬೇಕಾಯಿತು. ಆ ತಪ್ಪು ಊಟ ಇಟ್ಟ ನನ್ನದು. ಈಗ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿರುತ್ತೇವೆ, ಎಲೆಯ ಮುಂದೆ ಕೂರುವ ಮೊದಲು ಎಲ್ಲರೂ ಫೋನನ್ನು ಅದರಲ್ಲಿ ಹಾಕುತ್ತಾರೆ. ಚಿತ್ರ ಬೇಕೆಂದರೆ ಎಲೆಯ ಮೇಲಿನ ಊಟದ ಚಿತ್ರ ತೆಗೆಯಬಹುದು.

ಈಗ ಅಡುಗೆ. ಹನ್ನೆರಡು ಮಂದಿಗೆ ಒಂದೂವರೆ ಕಿಲೊ ಹೊಸ ಕುಚ್ಚಲಕ್ಕಿ ಬೇಕು. ಸೆಂಟ್ರಲ್ ಮಾರ್ಕೆಟಿನ ಸುತ್ತಮುತ್ತಲಿನ ಅಕ್ಕಿ ಅಂಗಡಿಗಳಲ್ಲಿ ‘ಈ ವರ್ಷದ್ದೇ ಬೇಕು’ ಎಂದು ಕೇಳಿ ತನ್ನಿ. ಗದ್ದೆ ಇರುವ ಗೆಳೆಯರಿದ್ದರೆ ಅವರ ಮನೆಯದ್ದೇ ಶ್ರೇಷ್ಠ. ಹೊಸ ಅಕ್ಕಿ ಹಳೆಯದಕ್ಕಿಂತ ಬೇಗ ಮೆತ್ತಗಾಗುತ್ತದೆ, ಆದ್ದರಿಂದ ಅರ್ಧ ಗಂಟೆಯ ನಂತರ ಆಗಾಗ ಅಗುಳು ಹಿಚುಕಿ ನೋಡುತ್ತಿದ್ದು, ನಡುವೆ ತುಸು ಗಟ್ಟಿ ಇರುವಾಗಲೇ ಗಂಜಿ ಬಸಿಯಿರಿ. ಬಸಿದ ಗಂಜಿಯನ್ನು ಚೆಲ್ಲಬೇಡಿ, ಬೆಳಿಗ್ಗೆಯಿಂದ ಅಡುಗೆಗೆ ಕೈಜೋಡಿಸಿದವರಿಗೆ ಮಿಡಿ ಉಪ್ಪಿನಕಾಯಿಯ ಜೊತೆ ಅದೇ ಮೊದಲ ತಿಂಡಿ.

ಅಮೆರಿಕದಲ್ಲಿ ಈ ದಿನಕ್ಕೆ ಟರ್ಕಿ ಕೋಳಿ. ಇಲ್ಲಿ ಅದರ ಬೆನ್ನು ಹತ್ತುವುದಕ್ಕೆ ಕಾರಣವೇ ಇಲ್ಲ, ಕೋರಿ ರೊಟ್ಟಿ ಇರುವ ಊರಿದು. ಮೂರು ಕಿಲೊ ಕೋಳಿಗೆ ನಲವತ್ತು ಬ್ಯಾಡಗಿ ಮೆಣಸು, ಆರು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಒಂದೂವರೆ ಸಣ್ಣ ಚಮಚ ಮೆಂತೆ, ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಎರಡು ತೆಂಗಿನಕಾಯಿಯ ತುರಿ, ಎರಡು ಗಡ್ಡೆ ಬೆಳ್ಳುಳ್ಳಿ, ನಾಲ್ಕು ಈರುಳ್ಳಿ ಮತ್ತು ನಿಂಬೆ ಗಾತ್ರದ ಹುಣಸೆಹುಳಿಯೊಂದಿಗೆ ನುಣ್ಣಗೆ ಅರೆಯಬೇಕು. ಮೆಂತೆ ಕಪ್ಪಾದರೆ ಇಡೀ ಪಾತ್ರೆ ಕಹಿಯಾಗುತ್ತದೆ, ಹಾಗಾಗಿ ಅದನ್ನು ಅನುಭವವಿದ್ದವರ ಕೈಗೆ ಕೊಡಿ. ಆ ಮಸಾಲೆಯಲ್ಲಿ ಕೋಳಿ ಬೆಂದ ಮೇಲೆ ಮೂರನೆಯ ಕಾಯಿಯ ದಪ್ಪ ಹಾಲನ್ನು ಸೇರಿಸಿ, ಒಂದೇ ಕುದಿ ಬಂದೊಡನೆ ಒಲೆ ಆರಿಸಿ. ರೊಟ್ಟಿಯನ್ನು ಪ್ಯಾಕೆಟ್‌ನಲ್ಲೇ ಕೊಂಡುಕೊಳ್ಳಿ.

ಮಾಂಸ ತಿನ್ನದವರಿಗೆ ಬದಿಗೊಂದು ಪಲ್ಯ ಮಾಡಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಹರಿವೆ ದಂಟಿನ ಹುಳಿ, ಅಲಸಂಡೆ ಪಲ್ಯ, ಮುಳ್ಳುಸೌತೆ ಕೋಸಂಬರಿ, ಹೆಸರುಬೇಳೆ ಪಾಯಸ ಇರಲಿ. ಕಟಪಾಡಿ ಸಮೀಪದ ಮಟ್ಟು ಗ್ರಾಮದ ಗುಳ್ಳ ಆಗತಾನೆ ಮಾರುಕಟ್ಟೆಗೆ ಬಂದಿದ್ದರೆ ಅದರ ಕೊದ್ದೆಲ್ (ಸಾಂಬಾರಿನಂಥ ಸಾರು) ಮಾಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬದನೆಯನ್ನು ಉಡುಪಿಯಿಂದ ಬರುವವರಿಗೆ ತರಲು ಹೇಳಿದರೆ ಅವರಿಗೂ ಖುಷಿ. ಮಾಂಸದ ಪಾತ್ರೆ, ಸೌಟುಗಳು ಬೇರೆಯೇ ಇರಲಿ. ಎಲ್ಲ ಮನೆತನದವರೂ ಎಲ್ಲ ಧರ್ಮದವರೂ ಒಂದೇ ಸಾಲಿನಲ್ಲಿ ಕೂರುವ ಊಟ ಇದು, ಆದ್ದರಿಂದ ಹಲಾಲ್ ಕೋಳಿಯನ್ನೇ ತಂದರೆ ಯಾರೂ ಹೊರಗುಳಿಯುವುದಿಲ್ಲ.

ಹೊಸ ಅಕ್ಕಿ ಉಣ್ಣುವಾಗ ಹಿರಿಯರಿಗೆ ‘ಹೊಸತು ಉಣ್ಣುತ್ತೇನೆ’ ಎಂದು ಹೇಳಿ ಕೈ ಮುಗಿಯುವ ಪದ್ಧತಿ ನಮ್ಮ ಕಡೆ ಇದೆ. ಅದನ್ನು ಬಿಡಬೇಡಿ. ನಮ್ಮ ಸಾಲಿನಲ್ಲಿ ಅರುವತ್ತು ದಾಟಿದ ಒಬ್ಬರಿದ್ದಾರೆ, ಜೀವನದ ಬಹುಭಾಗವನ್ನು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮಿನ ಭಯದಲ್ಲೇ ಕಳೆದವರು; ಮೊದಲ ಬಾರಿ ಒಬ್ಬ ಇಪ್ಪತ್ತರ ಹುಡುಗ ಅವರ ಮುಂದೆ ಬಾಗಿ ಆ ಮಾತು ಹೇಳಿದಾಗ ಅವರು ಅನ್ನಕ್ಕೆ ಕೈ ಹಾಕಲು ಸ್ವಲ್ಪ ಹೊತ್ತು ಬೇಕಾಯಿತು. ಸಾಲಿನ ಕೊನೆಯಲ್ಲಿ ಒಂದು ಎಲೆಯನ್ನು ಖಾಲಿ ಬಿಡುತ್ತೇವೆ. ಅದು ಯಾರಿಗೆ ಎಂದು ಯಾರೂ ಹೇಳಬೇಕಾಗಿಲ್ಲ.

ಊಟದ ಆಚೆಗೆ ಆ ವಾರ ಏನಿದೆ ಎಂದು ಹೊರಗಿನಿಂದ ಬರುವವರು ಕೇಳುತ್ತಾರೆ. ಗೇ ಬಾರ್ ಎಂದು ಹೆಸರು ಹೇಳಬಹುದಾದ ಸ್ಥಳ ಮಂಗಳೂರಿನಲ್ಲೂ ಉಡುಪಿಯಲ್ಲೂ ಇಲ್ಲ. ಆದರೆ ಸಂಜೆಗಳಿಗೆ ಕೊರತೆಯಿಲ್ಲ. ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಡುತ್ತವೆ, ಪತ್ರಿಕೆಯ ‘ಇಂದಿನ ಆಟ’ ಅಂಕಣ ನೋಡಿ ಹೋಗಬಹುದು. ಗಂಡು ಕಲಾವಿದರು ಸ್ತ್ರೀವೇಷದಲ್ಲಿ ರಂಗಕ್ಕೆ ಬಂದಾಗ ಸಾವಿರ ಜನ ಮೌನವಾಗಿ ನೋಡುವುದನ್ನು ನಮ್ಮವರ ಜೊತೆ ಕುಳಿತು ಒಮ್ಮೆ ನೋಡಿ. ಬಾಲ್ಯದಲ್ಲಿ ಆ ವೇಷವನ್ನೇ ಕಣ್ಣಲ್ಲಿ ತುಂಬಿಕೊಂಡು ಮನೆಗೆ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಕಂಬಳದ ಋತುವೂ ಆಗಲೇ ಆರಂಭವಾಗುತ್ತದೆ. ಭಾನುವಾರ ಬೆಳಿಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಕಂಬಗಳಂಥ ಲಾವಾ ಬಂಡೆಗಳನ್ನು ನೋಡಿ, ಸಂಜೆ ಕಾಪು ದೀಪಸ್ತಂಭದ ಬಳಿ ಸೂರ್ಯಾಸ್ತಕ್ಕೆ ನಿಲ್ಲಬಹುದು. ಆ ದಿನಗಳಲ್ಲಿ ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ. ಹಂಪನಕಟ್ಟೆಯ ಕಡೆ ಬಂದರೆ ಒಂದು ಗಡ್‌ಬಡ್ ಐಸ್‌ಕ್ರೀಮ್. ದೊಡ್ಡ ಮೆರವಣಿಗೆಯಲ್ಲಿ ನಡೆಯುವ ಆಸೆ ಇದ್ದವರು ಬೆಂಗಳೂರಿನ ನಮ್ಮ ಪ್ರೈಡ್‌ನ ದಿನಾಂಕವನ್ನು ಗಮನಿಸಬೇಕು. ಅದು ಸಾಮಾನ್ಯವಾಗಿ ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಬರುತ್ತದೆ, ರಾತ್ರಿ ರೈಲಿನ ಟಿಕೆಟ್ ಬೇಗ ಮುಗಿಯುತ್ತದೆ.

ಹೊರಗೆ ಹೋದಾಗ ಗುಂಪಿನಲ್ಲಿರಿ. ಈ ಊರಿನಲ್ಲಿ 2009ರ ಜನವರಿಯಲ್ಲಿ ಪಬ್ಬೊಂದರಲ್ಲಿದ್ದ ಯುವತಿಯರ ಮೇಲೆ, 2012ರ ಜುಲೈನಲ್ಲಿ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ದಾಳಿ ನಡೆದದ್ದನ್ನು ನಾವು ಮರೆತಿಲ್ಲ. ಹೆಚ್ಚಿನ ಅಪಾಯ ಈಗ ಡೇಟಿಂಗ್ ಆ್ಯಪ್‌ಗಳಿಂದ ಬರುತ್ತದೆ. ಹೊಸಬರನ್ನು ಮೊದಲ ಬಾರಿ ಹಗಲಿನಲ್ಲಿ, ಮಾಲ್ ಅಥವಾ ಹೋಟೆಲಿನಂಥ ಜನ ಇರುವ ಜಾಗದಲ್ಲೇ ಕಾಣಿ. ಎಲ್ಲಿದ್ದೀರಿ ಎಂಬುದನ್ನು ಒಬ್ಬ ಗೆಳೆಯನಿಗೆ ಲೊಕೇಶನ್ ಕಳುಹಿಸಿ ತಿಳಿಸಿ. ಮುಖ ಕಾಣುವ ಖಾಸಗಿ ಚಿತ್ರ ಕೊಡಬೇಡಿ. ಯಾರಾದರೂ ‘ಮನೆಯವರಿಗೆ ಹೇಳುತ್ತೇನೆ’ ಎಂದು ಹಣ ಕೇಳಿದರೆ ಮೊದಲ ರೂಪಾಯಿಯನ್ನೂ ಕೊಡದೆ, ಚಾಟ್‌ನ ಸ್ಕ್ರೀನ್‌ಶಾಟ್ ಉಳಿಸಿಕೊಂಡು 112ಕ್ಕೆ ಕರೆ ಮಾಡಿ. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ತಿಳಿಸಿ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವಲ್ಲ, ಆದರೆ ಸುಲಿಗೆ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನಡಿ ಅಪರಾಧ. ಠಾಣೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಿ.

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಊಟ ಮುಗಿದ ಮರುವಾರವೇ ನಾವು ನಾಲ್ಕೈದು ಮಂದಿ ಒಟ್ಟಿಗೆ ಹೋಗಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುತ್ತೇವೆ. ಅದು ಉಚಿತ, ಫಲಿತಾಂಶವನ್ನು ಗುಟ್ಟಾಗಿ ಇಡುತ್ತಾರೆ, ಮಾಹಿತಿಗೆ 1097 ಸಹಾಯವಾಣಿ ಇದೆ. ಹಬ್ಬದ ದಿನಗಳಲ್ಲಿ ಮನಸ್ಸು ಕುಗ್ಗಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟಿರಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಅಂಚೆಯ ವಿಷಯ. ಪ್ರತಿವರ್ಷ ಬರಲಾಗದವರು ಇಬ್ಬರು ಮೂವರು ಇದ್ದೇ ಇರುತ್ತಾರೆ: ದುಬೈಯಲ್ಲಿ ಕೆಲಸದಲ್ಲಿರುವವರು, ಮದುವೆಯಾಗಿ ಹೋದವರು, ಮನೆಯವರು ಹೊರಗೆ ಬಿಡದೆ ಇಟ್ಟುಕೊಂಡವರು. ಅಡುಗೆಗೆ ಮೊದಲೇ ಒಂದು ಹಿಡಿ ಹೊಸ ಅಕ್ಕಿಯನ್ನು ತೆಗೆದಿಟ್ಟು, ಬಿಸಿಲಿಗೆ ಒಣಗಿಸಿ, ಸಣ್ಣ ಬಟ್ಟೆಯ ಚೀಲಗಳಲ್ಲಿ ಕಟ್ಟಿ, ದೇಶದೊಳಗಿನವರಿಗೆ ಸೋಮವಾರ ಸ್ಪೀಡ್ ಪೋಸ್ಟ್ ಮಾಡುತ್ತೇವೆ. ಹೊರದೇಶದವರಿಗೆ ಊರಿಂದ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತೇವೆ. ಲಕೋಟೆಯ ಮೇಲೆ ಕಳುಹಿಸಿದವರ ಜಾಗದಲ್ಲಿ ಯಾರ ಹೆಸರು ಇದ್ದರೆ ಅವರ ಮನೆಯಲ್ಲಿ ಪ್ರಶ್ನೆ ಏಳುವುದಿಲ್ಲ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಹೋದ ವರ್ಷ ಒಂದು ಲಕೋಟೆಯ ಮೇಲೆ ನಾವು ಪಕ್ಕದ ಮನೆಯ ದೊಡ್ಡಮ್ಮನ ಹೆಸರು ಬರೆದೆವು, ಅವರೇ ಹಾಗೆ ಬರೆಯಿರಿ ಎಂದಿದ್ದರು.