ಎನ್‌ಕೋಡರ್ ಲೆಕ್ಕ ಕೊನೆಗೂ ಸರಿಹೋಯಿತು

ನಮ್ಮ ಮೋಟಾರ್ ಟೆಸ್ಟ್ ಬೆಂಚಿನಲ್ಲಿ ಎನ್‌ಕೋಡರ್ (ಮೋಟಾರ್ ತಿರುಗಿದಂತೆ ಪಲ್ಸ್, ಅಂದರೆ ಪುಟ್ಟ ವಿದ್ಯುತ್ ಮಿಡಿತ, ಕೊಡುವ ಸಾಧನ) ಲೆಕ್ಕ ಒಂದು ವಾರ ಕಾಡಿತು. ನಿಧಾನವಾಗಿ ತಿರುಗಿಸಿದರೆ ಎಲ್ಲ ಸರಿ. ವೇಗ 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು) ಹತ್ತಿರ ಬಂದರೆ ಪಲ್ಸ್‌ಗಳು ಮಾಯ. ಕೇಬಲ್ ಬದಲಿಸಿದೆ, ಗ್ರೌಂಡಿಂಗ್ ನೋಡಿದೆ. ಸುಮ್ನೆ ಹೊತ್ತು ಹೋಯಿತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಸುತ್ತಿಗೆ 1000 ಪಲ್ಸ್, ಸೆಕೆಂಡಿಗೆ 50 ಸುತ್ತು. ಅಲ್ಲಿಗೆ ಸೆಕೆಂಡಿಗೆ 50,000 ಪಲ್ಸ್. ಎನ್‌ಕೋಡರ್ ಕೊಡುವ ಎ, ಬಿ ಎರಡೂ ಸಿಗ್ನಲ್‌ಗಳ ಪ್ರತಿ ಏರು, ಪ್ರತಿ ಇಳಿತ ಎಣಿಸಿದರೆ 2 ಲಕ್ಷ, ಅಂದರೆ 5 ಮೈಕ್ರೋಸೆಕೆಂಡಿಗೊಂದು! ಇದನ್ನು ನಾನು ಇಂಟರಪ್ಟ್ (ಸಿಗ್ನಲ್ ಬಂದಾಗ ಮಾಡುತ್ತಿರುವ ಕೆಲಸ ನಿಲ್ಲಿಸಿ ಅದನ್ನು ಗಮನಿಸುವ ವ್ಯವಸ್ಥೆ) ಇಟ್ಟು ಸಾಫ್ಟ್‌ವೇರ್‌ನಲ್ಲೇ ಎಣಿಸುತ್ತಿದ್ದೆ. ಎಣಿಸುವ ಬೋರ್ಡು ಕಂಪ್ಯೂಟರಿಗೆ ಡೇಟಾ ಕಳಿಸುವಾಗ ಪಲ್ಸ್ ಕೈತಪ್ಪುತ್ತಿತ್ತು.

ಹಾಗಾಗಿ ಹಾರ್ಡ್‌ವೇರ್ ಕೌಂಟರ್ ಇರುವ ಪುಟ್ಟ ಯುಎಸ್‌ಬಿ ಮಾಡ್ಯೂಲ್ ಹುಡುಕಿದೆ. ಚಾನೆಲ್ ಎಷ್ಟಿವೆ ಅನ್ನೋದಕ್ಕಿಂತ ಬಿಟ್ ಎಷ್ಟು, ಅಂದರೆ ಎಷ್ಟು ದೊಡ್ಡ ಸಂಖ್ಯೆವರೆಗೆ ಎಣಿಸುತ್ತದೆ ಅನ್ನೋದೇ ಜಾಸ್ತಿ ಮುಖ್ಯ. ಈ ವೇಗದಲ್ಲಿ 16 ಬಿಟ್ ಕೌಂಟರ್ 65,536 ಎಣಿಸಿ ಸೆಕೆಂಡಿನ ಮೂರನೇ ಒಂದು ಭಾಗದಲ್ಲೇ ಸೊನ್ನೆಗೆ ಮರಳುತ್ತದೆ. 32 ಬಿಟ್ಟಿನದು ಸುಮಾರು 6 ಗಂಟೆ ನಡೆಯುತ್ತದೆ. ಅದನ್ನೇ ತಗೊಂಡೆ. ಕ್ವಾಡ್ರೇಚರ್ ಡಿಕೋಡಿಂಗ್ (ಎ, ಬಿ ಸಿಗ್ನಲ್ ಜೋಡಿಯಿಂದ ಎಣಿಕೆ ಮತ್ತು ತಿರುಗುವ ದಿಕ್ಕು ತಿಳಿಯುವುದು) ಒಳಗೇ ಇದೆಯಾ ಅಂತಲೂ ನೋಡಿಕೊಂಡೆ.

ತೀರಾ ನಿಧಾನದ ವೇಗಕ್ಕೆ ಮಾತ್ರ ಪಲ್ಸ್ ಎಣಿಸುವುದು ಬಿಟ್ಟು, ಎರಡು ಪಲ್ಸ್ ನಡುವಿನ ಸಮಯವನ್ನು ಟೈಮರ್‌ನಿಂದ ಅಳೆಯುತ್ತೇನೆ. ಈಗ ಪೂರ್ತಿ ವೇಗದಲ್ಲೂ ಒಂದು ಪಲ್ಸ್ ತಪ್ಪುತ್ತಿಲ್ಲ.