ಅಮೆರಿಕದಲ್ಲಿ ಸಾಲ ವಸೂಲಿಯವರು ಫೋನ್ ಮಾಡಿದರೆ ಆ ಫೋನಲ್ಲೇ ದುಡ್ಡು ಕೊಡಬೇಡಿ

ಜುಲೈ ಬಂತು ಅಂದ್ರೆ ಉಡುಪಿಯ ನಮ್ಮ ಮನೆಗೆ ಯಾರಾದರೂ ಬರುತ್ತಾರೆ. ಮಗನಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಮುಂದಿನ ತಿಂಗಳು ಹೊರಡುವುದು, ನೀವು ಅಲ್ಲಿ ಇದ್ದವರಲ್ವಾ, ಸ್ವಲ್ಪ ಹೇಳಿ ಅಂತ. ಕುಕ್ಕರ್, ಜಾಕೆಟ್, ಸಿಮ್ ಕಾರ್ಡ್ ವಿಷಯ ಎಲ್ಲರೂ ಹೇಳುತ್ತಾರೆ. ಹನ್ನೊಂದು ವರ್ಷ ನ್ಯೂಜೆರ್ಸಿಯಲ್ಲಿದ್ದು ಬಂದ ನಾನು ಅವರನ್ನು ಕೂರಿಸಿ ಹೇಳುವುದು ಕಲೆಕ್ಷನ್ ಏಜೆನ್ಸಿಯವರ, ಅಂದರೆ ಬಾಕಿ ವಸೂಲಿ ಮಾಡುವ ಕಂಪನಿಯವರ ಬಗ್ಗೆ. ಹೆಚ್ಚಿನವರು ಕಾಫಿ ಕುಡಿದು ತಲೆಯಾಡಿಸಿ ಹೋಗುತ್ತಾರೆ.

ಕಳೆದ ವಾರ ರಾತ್ರಿ ಕಿನ್ನಿಗೋಳಿಯ ಹುಡುಗನೊಬ್ಬ ಅಲ್ಲಿಂದ ಫೋನ್ ಮಾಡಿದ. ಅವನ ಬಾಡಿಗೆ ಮನೆಯಲ್ಲಿ ಮೊದಲು ಇದ್ದವರು ಇಂಟರ್ನೆಟ್ ಬಿಲ್ ಬಾಕಿ ಇಟ್ಟು ಹೋಗಿದ್ದಾರೆ. ವಸೂಲಿಯವರು ಇವನಿಗೆ ಜೋರು ಮಾಡಿದ್ದಾರೆ, ಇವನು ಹೆದರಿ 150 ಡಾಲರ್ ಕೊಟ್ಟಿದ್ದಾನೆ. ಹೋದ ವರ್ಷ ಕುಂದಾಪುರದ ಒಬ್ಬಳು ಹೀಗೆಯೇ ಮಾಡಿದ್ದಳು. ಅವರಿಗಿಂತ ಮೊದಲು ನಾನೂ ಇದನ್ನೇ ಮಾಡಿದ್ದೆ. ಅದಕ್ಕೇ ಬರೆದೇ ಇಡುತ್ತಿದ್ದೇನೆ.

ನನ್ನದು ಆಸ್ಪತ್ರೆ ಬಿಲ್ಲು. ಕಿಡ್ನಿ ಕಲ್ಲಿನ ನೋವಿಗೆ ಮಧ್ಯರಾತ್ರಿ ಎಮರ್ಜೆನ್ಸಿಗೆ ಹೋಗಿದ್ದೆ. ಫಾರ್ಮಿನಲ್ಲಿ ಹುಟ್ಟಿದ ದಿನ ತುಂಬುವಾಗ ನಮ್ಮಲ್ಲಿ ಬರೆಯುವ ಹಾಗೆ 04/08 ಅಂತ ಬರೆದೆ, ಅಂದರೆ ಆಗಸ್ಟ್ 4. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಇನ್ಶೂರೆನ್ಸ್‌ನವರಿಗೆ ಅದು ಏಪ್ರಿಲ್ 8 ಆಯ್ತು. ಈ ಹೆಸರಿಗೆ ಈ ಹುಟ್ಟಿದ ದಿನ ತಾಳೆಯಾಗುವುದಿಲ್ಲ ಅಂತ ಕ್ಲೇಮ್ ವಾಪಸ್ ಕಳಿಸಿದರು. ಅಷ್ಟರಲ್ಲಿ ನಾನು ಮನೆ ಬದಲಾಯಿಸಿದ್ದೆ. ಪತ್ರಗಳೆಲ್ಲ ಹಳೇ ವಿಳಾಸಕ್ಕೆ ಹೋದವು.

ಏಳು ತಿಂಗಳ ನಂತರ ಒಂದು ಶುಕ್ರವಾರ ಸಂಜೆ ಫೋನ್ ಬಂತು. 1,140 ಡಾಲರ್ ಬಾಕಿ ಇದೆ, ಇವತ್ತು 200 ಕಟ್ಟಿದರೆ ಫೈಲ್ ತಡೆಹಿಡಿಯುತ್ತೇನೆ, ಇಲ್ಲದಿದ್ದರೆ ಸೋಮವಾರ ಮುಂದಕ್ಕೆ ಹೋಗುತ್ತದೆ ಅಂದ ಆ ಮನುಷ್ಯ. ಒಳ್ಳೆಯ ಮಾತಿನಲ್ಲೇ ಹೇಳಿದ. ನಾನು ಅಡುಗೆಮನೆಯಲ್ಲಿ ನಿಂತು, ಒಲೆ ಆರಿಸಿ, ಡೆಬಿಟ್ ಕಾರ್ಡಿನ ಹದಿನಾರು ಅಂಕೆ ಓದಿ ಹೇಳಿದೆ. ಮುಂದಿನ ತಿಂಗಳು ತನ್ನಷ್ಟಕ್ಕೆ ಇನ್ನೊಂದು 200 ಹೋಯಿತು. ಕೇಳಿದರೆ, ಕಂತಿಗೆ ನೀವು ಅವತ್ತೇ ಒಪ್ಪಿದ್ದೀರಿ ಅಂದರು. ಇಂಥ ಕಂತನ್ನು 3 ಕೆಲಸದ ದಿನ ಮೊದಲು ಬ್ಯಾಂಕಿಗೆ ಹೇಳಿ ನಿಲ್ಲಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ಕೊನೆಗೆ ಇನ್ಶೂರೆನ್ಸ್‌ನವರನ್ನು ಹಿಡಿದಾಗ ತಾರೀಕಿನ ತಪ್ಪು ಗೊತ್ತಾಯಿತು. ಆದರೆ ಕ್ಲೇಮ್ ತಿದ್ದಿ ಕಳಿಸುವ ಗಡುವು ಮುಗಿದಿತ್ತು. ಇನ್ಶೂರೆನ್ಸ್ ಕೊಡಬೇಕಾಗಿದ್ದ ದುಡ್ಡನ್ನು ಪೂರ್ತಿ ನಾನೇ ಕಟ್ಟಿದೆ.

ಯಾಕೆ ಕೊಟ್ಟೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನಾವು ಬ್ಯಾಂಕುಗಳ ಊರಿನವರು. ಪಿಗ್ಮಿ ಶುರುವಾಗಿದ್ದೇ ಇಲ್ಲಿ, 1928ರಲ್ಲಿ, ಸಿಂಡಿಕೇಟ್ ಬ್ಯಾಂಕಿನವರಿಂದ. ನನ್ನ ಅಪ್ಪನ ಅಂಗಡಿಗೆ ದಿನಾ ಸಂಜೆ ಪಿಗ್ಮಿಯವರು ಬರುತ್ತಿದ್ದರು. ಅವರು ಪುಸ್ತಕದಲ್ಲಿ ಬರೆದ ಲೆಕ್ಕವನ್ನು ಅಪ್ಪ ಒಂದು ದಿನವೂ ಮತ್ತೆ ಕೂಡಿಸಿ ನೋಡಲಿಲ್ಲ. ಮತ್ತೆ ಸೊಸೈಟಿ ಸಾಲದ ಕಂತು ತಪ್ಪಿದರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಅಂತ ಕಲಿತು ಬೆಳೆದವರು. ಹಾಗಾಗಿ ಲೆಕ್ಕದ ದನಿಯಲ್ಲಿ ಯಾರಾದರೂ ‘ಬಾಕಿ ಇದೆ’ ಅಂದ ಕೂಡಲೇ ಮೊದಲು ಮಾನದ ಚಿಂತೆ ಬರುತ್ತದೆ. ಆ ಬಾಕಿ ನಿಜವಾ, ನನ್ನದೇ ಹೌದಾ ಅಂತ ಕೇಳಲು ಬಾಯಿ ಬರುವುದಿಲ್ಲ. ಅಲ್ಲಿ ಕೇಳಲೇಬೇಕು. ಕೆಲವು ಕಂಪನಿಗಳು ಹಳೇ ಬಾಕಿಗಳ ಪಟ್ಟಿಯನ್ನೇ ಕಡಿಮೆ ಬೆಲೆಗೆ ಕೊಂಡು ವಸೂಲಿಗೆ ಇಳಿಯುತ್ತವೆ. ಅಂಥ ಪಟ್ಟಿಯಲ್ಲಿ ತಪ್ಪು ಹೆಸರು, ತಪ್ಪು ಮೊತ್ತ, ಆಗಲೇ ಕಟ್ಟಿ ಮುಗಿಸಿದ ಬಿಲ್ಲು ಎಲ್ಲ ಇರುತ್ತವೆ.

ಕಾನೂನು ನಿಮ್ಮ ಕಡೆ ಇದೆ. 1977ರಲ್ಲೇ ಬಂದ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಅದು. ವಸೂಲಿಯವರು ಮೊದಲ ಸಲ ನಿಮ್ಮನ್ನು ಸಂಪರ್ಕಿಸುವಾಗಲೇ ಬಾಕಿಯ ವಿವರ ಕೊಡದಿದ್ದರೆ 5 ದಿನದೊಳಗೆ ಅದನ್ನು ಕಳಿಸಬೇಕು. ಅದಕ್ಕೆ ವ್ಯಾಲಿಡೇಶನ್ ನೋಟಿಸ್ ಅನ್ನುತ್ತಾರೆ. ಬಾಕಿ ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕಿನೊಳಗೆ ನೀವು ತಕರಾರು ಹೇಳಬಹುದು, ಎಲ್ಲ ಅದರಲ್ಲಿ ಇರಬೇಕು. ನಿಮಗೆ ಸಿಗುವುದು 30 ದಿನ. ಅಷ್ಟರೊಳಗೆ ಬರವಣಿಗೆಯಲ್ಲಿ, ಇದನ್ನು ನಾನು ಒಪ್ಪುವುದಿಲ್ಲ, ಪುರಾವೆ ಕಳಿಸಿ ಅಂತ ಕೇಳಿದರೆ ಪುರಾವೆ ಕಳಿಸುವವರೆಗೆ ಅವರು ವಸೂಲಿ ನಿಲ್ಲಿಸಲೇಬೇಕು. ಫೋನಲ್ಲಿ ಎಷ್ಟು ಜಗಳ ಮಾಡಿದರೂ ಈ ಹಕ್ಕು ಸಿಗುವುದಿಲ್ಲ. ಬರೆದೇ ಕೇಳಬೇಕು. ನಾನು ಆ ಒಂದು ಪತ್ರ ಬರೆದಿದ್ದರೆ ತಾರೀಕಿನ ತಪ್ಪು ಆಗಲೇ ಸಿಗುತ್ತಿತ್ತು.

ಹಾಗಾಗಿ ಫೋನ್ ಬಂದರೆ ಹೇಳಬೇಕಾದ್ದು ಇಷ್ಟೇ: ‘ಪ್ಲೀಸ್ ಸೆಂಡ್ ಮಿ ದ ವ್ಯಾಲಿಡೇಶನ್ ನೋಟಿಸ್ ಬೈ ಮೇಲ್.’ ಅಂದರೆ ಆ ನೋಟಿಸನ್ನು ಅಂಚೆಯಲ್ಲಿ ಕಳಿಸಿ ಅಂತ. ಫೋನ್ ಮಾಡಿದವರ ಹೆಸರು, ಕಂಪನಿ, ವಿಳಾಸ ಬರೆದುಕೊಳ್ಳಿ, ಫೋನ್ ಇಡಿ. ಹೌದು ಅದು ನನ್ನದೇ ಅನ್ನಬೇಡಿ. ಸೋಶಿಯಲ್ ಸೆಕ್ಯುರಿಟಿ ನಂಬರ್, ಕಾರ್ಡ್ ನಂಬರ್ ಹೇಳಬೇಡಿ. ನೋಟಿಸ್ ಬಂದ ಮೇಲೆ ತಕರಾರಿನ ಪತ್ರವನ್ನು ಸರ್ಟಿಫೈಡ್ ಮೇಲ್‌ನಲ್ಲಿ, ರಿಟರ್ನ್ ರಿಸೀಟ್ ಸಹಿತ ಕಳಿಸಿ. ನಮ್ಮಲ್ಲಿ ಮೊದಲು ಇದ್ದ ರಿಜಿಸ್ಟರ್ಡ್ ಎ.ಡಿ. ಥರ, ಸಹಿ ಆದ ಹಸಿರು ಕಾರ್ಡು ವಾಪಸ್ ಬರುತ್ತದೆ. ಅದನ್ನು ಜೋಪಾನವಾಗಿ ಇಡಿ. ಡಿಸೆಂಬರ್ ರಜೆಗೆ ಊರಿಗೆ ಬರುವವರು ಅಲ್ಲಿನ ಅಂಚೆ ಇಲಾಖೆಯ ಇನ್ಫಾರ್ಮ್ಡ್ ಡೆಲಿವರಿಗೆ ಸೇರಿಕೊಳ್ಳಿ, ಅದು ಉಚಿತ. ಬರುವ ಕಾಗದದ ಹೊರಗಿನ ಫೋಟೋ ಇಮೇಲಿಗೆ ಬರುತ್ತದೆ, ಮಲ್ಪೆಯಲ್ಲಿ ಕೂತೂ ನೋಡಬಹುದು.

ಇನ್ನೊಂದು ಅಪಾಯ ಹಳೇ ಬಾಕಿಯದ್ದು. ಕೋರ್ಟಿನಲ್ಲಿ ಕೇಸು ಹಾಕಲು ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಲಮಿತಿ. ಕ್ರೆಡಿಟ್ ಕಾರ್ಡಿನಂಥ ಬಾಕಿಗೆ ನ್ಯೂಯಾರ್ಕಿನಲ್ಲಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 4, ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ 6. ಅದು ಮುಗಿಯುವ ಹೊತ್ತಿಗೆ ‘ಸುಮ್ನೆ ಹತ್ತು ಡಾಲರ್ ಕಟ್ಟಿ’ ಅಂತ ಕೇಳುತ್ತಾರೆ. ಕಟ್ಟಿದರೆ ಎಷ್ಟೋ ರಾಜ್ಯಗಳಲ್ಲಿ ಕಾಲಮಿತಿ ಮತ್ತೆ ಮೊದಲಿಂದ ಶುರು. ದಯವಿಟ್ಟು ಕಟ್ಟಬೇಡಿ.

ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಅವರು ಫೋನ್ ಮಾಡುವ ಹಾಗಿಲ್ಲ. 2021ರ ನವೆಂಬರಿನಿಂದ, ಒಂದು ಬಾಕಿಗೆ 7 ದಿನದಲ್ಲಿ 7ಕ್ಕಿಂತ ಜಾಸ್ತಿ ಸಲ ಮಾಡಿದರೂ ತಪ್ಪು ಅಂತಲೇ ಲೆಕ್ಕ. ಅರೆಸ್ಟ್ ಮಾಡಿಸುತ್ತೇವೆ, ವೀಸಾ ರದ್ದು ಮಾಡಿಸುತ್ತೇವೆ ಅಂತ ಹೆದರಿಸುವುದು ಕಾನೂನುಬಾಹಿರ. ಹೀಗೆ ಮಾಡಿದರೆ ಸಿ.ಎಫ್.ಪಿ.ಬಿ. ಅನ್ನುವ, ಗ್ರಾಹಕರ ಹಣಕಾಸು ದೂರು ನೋಡುವ ಅಲ್ಲಿನ ಕೇಂದ್ರದ ಸಂಸ್ಥೆಗೂ ರಾಜ್ಯದ ಅಟಾರ್ನಿ ಜನರಲ್‌ಗೂ ದೂರು ಕೊಡಿ. ಒಂದು ವರ್ಷದೊಳಗೆ ಕೇಸು ಹಾಕಿ ಗೆದ್ದರೆ ಆದ ನಷ್ಟದ ಜೊತೆ 1,000 ಡಾಲರ್‌ವರೆಗೆ ಪರಿಹಾರವೂ ವಕೀಲರ ಫೀಸೂ ಸಿಗಬಹುದು.

ಕೋರ್ಟಿನ ಸಮನ್ಸ್ ಬಂದರೆ ಮಾತ್ರ ಬೇರೆ ವಿಷಯ, ಆಯ್ತಾ. ಅದನ್ನು ಡ್ರಾಯರಿಗೆ ಹಾಕಬೇಡಿ ಮಾರಾಯ್ರೇ. ಗಡುವಿನೊಳಗೆ ಉತ್ತರ ಕೊಡದಿದ್ದರೆ ಬಾಕಿ ನಿಮ್ಮದಲ್ಲದಿದ್ದರೂ ತೀರ್ಪು ಅವರ ಕಡೆ ಆಗುತ್ತದೆ. ಆಮೇಲೆ ಸಂಬಳಕ್ಕೇ ಕೈ ಹಾಕುತ್ತಾರೆ. ಕೇಂದ್ರದ ಕಾನೂನಿನಲ್ಲಿ ಕಡಿತ ಕಳೆದ ಸಂಬಳದ 25 ಶೇಕಡಾವರೆಗೂ ಅವಕಾಶ ಇದೆ, ಕೆಲವು ರಾಜ್ಯಗಳಲ್ಲಿ ಅದಕ್ಕಿಂತ ಕಡಿಮೆ.

ಊರಿನ ಬ್ಯಾಂಕಿನ ಎಜುಕೇಶನ್ ಲೋನಿಗೆ ಅಲ್ಲಿನ ಈ ಕಾನೂನು ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ. 2022ರ ಆದೇಶದ ಪ್ರಕಾರ ಇಲ್ಲಿಯ ವಸೂಲಿ ಏಜೆಂಟರು ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ಫೋನ್ ಮಾಡಬೇಕು. ಆದರೂ ನೆರೆಮನೆಯವರಿಗೆ, ಸಂಬಂಧಿಕರಿಗೆ ಫೋನ್ ಮಾಡಿ ಮಾನ ಕಳೆಯುವುದನ್ನು ನಾನು ಇಲ್ಲೇ ಕಣ್ಣಾರೆ ನೋಡಿದ್ದೇನೆ. ನಿಮ್ಮ ಬಾಕಿಯ ಸುದ್ದಿಯನ್ನು ಮೂರನೆಯವರಿಗೆ ಹೇಳುವ ಹಾಗಿಲ್ಲ ಅನ್ನುವುದನ್ನು ಅಮೆರಿಕದಲ್ಲಿ ಗಟ್ಟಿಯಾಗಿ ಹಿಡಿದಿದ್ದಾರೆ, ಆ ವಿಷಯದಲ್ಲಿ ಅವರದ್ದೇ ಒಳ್ಳೆಯದು. ಆಸ್ಪತ್ರೆ ಬಿಲ್ಲಿನಲ್ಲಿ ನಮ್ಮದೇ ವಾಸಿ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಡಿಸ್ಚಾರ್ಜ್ ದಿನವೇ ಕೌಂಟರಿನಲ್ಲಿ ಲೆಕ್ಕ ಮುಗಿಯುತ್ತದೆ. ಏಳು ತಿಂಗಳು ಕಳೆದು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಕಿನ್ನಿಗೋಳಿಯ ಹುಡುಗ ನಿನ್ನೆ ನೋಟಿಸಿನ ಫೋಟೋ ಕಳಿಸಿದ. ಕೊನೇ ತಾರೀಕಿಗೆ ಇನ್ನೂ 19 ದಿನ ಇದೆ. ಪತ್ರ ಬರೆದು ಕೊಟ್ಟಿದ್ದೇನೆ, ಬಾಡಿಗೆ ಕರಾರಿನ ಪ್ರತಿಯನ್ನೂ ಸೇರಿಸಿ ನಾಳೆ ಪೋಸ್ಟ್ ಮಾಡುತ್ತಾನೆ.